ಮಾಕುಟ್ಟದ ಘಟ್ಟವೂ ಕೊಡಗಿನ ಆಹಾರಪದ್ಧತಿಯೂ

ಒಂದು ನಾಡಿನ ಚರಿತ್ರೆಯನ್ನು ಅರಿಯಬೇಕಾದರೆ ಅಲ್ಲಿಯ ಕೋಟೆ ಅರಮನೆಗಳೊಡನೆ ಅಡುಗೆಮನೆಯನ್ನೂ ಪರಿಶೀಲಿಸಬೇಕಾಗುತ್ತದೆ. ಕೊಡಗಿನ ಮಟ್ಟಿಗೆ ಈ ಮಾತು ವಿಶೇಷವಾಗಿ ಸತ್ಯ. ವಿರಾಜಪೇಟೆಯಿಂದ ಕೇರಳದ ಕಣ್ಣೂರಿನ ಕಡೆಗೆ ಇಳಿಯುವ ಹಾದಿಯಲ್ಲಿ, ದಟ್ಟವಾದ ಮಳೆಕಾಡಿನ ನಡುವೆ ಇರುವ ಗಡಿನೆಲೆಯೇ ಮಾಕುಟ್ಟ. ಇಲ್ಲಿಯ ಕಾಡು 1974ರಲ್ಲಿ ಘೋಷಿತವಾದ ಬ್ರಹ್ಮಗಿರಿ ವನ್ಯಧಾಮಕ್ಕೆ ಸೇರಿದುದು.

ಈ ಸೀಮೆಯ ಘಟ್ಟದ ಹಾದಿಗಳು ಮಲೆಯಾಳ ದೇಶಕ್ಕೂ ಕೊಡಗಿಗೂ ಬಹುಕಾಲದ ಸಂಪರ್ಕವನ್ನು ಕಲ್ಪಿಸಿದ್ದವು. ಟಿಪ್ಪುವಿನ ಮೇಲಣ ಯುದ್ಧಕ್ಕಾಗಿ 1791ರಲ್ಲಿ ಜನರಲ್ ಅಬರ್‌ಕ್ರಾಂಬಿಯ ಸೈನ್ಯವು ಮಲಬಾರಿನಿಂದ ಹೆಗ್ಗಳದ ಘಟ್ಟವನ್ನೇರಿ ಬಂದಾಗ, ಹಾಲೇರಿ ವಂಶದ ವೀರಶೈವ ಅರಸನಾದ ದೊಡ್ಡವೀರರಾಜೇಂದ್ರನು ಅದಕ್ಕೆ ಧಾನ್ಯವನ್ನು ಒದಗಿಸಿದನು. ಆ ಭೇಟಿಯ ನೆನಪಿಗಾಗಿ 1792ರಲ್ಲಿ ವೀರರಾಜೇಂದ್ರಪೇಟೆ ನಿರ್ಮಾಣವಾಯಿತು. ದಂಡಿಗೆ ಅನ್ನವಿಕ್ಕುವಷ್ಟು ಭತ್ತ ಅಂದಿನ ಕೊಡಗಿನ ಕಣಜಗಳಲ್ಲಿತ್ತು.

ಆದರೆ ಮಳೆಗಾಲ ಬಂದಿತೆಂದರೆ ಈ ಹಾದಿಗಳು ದುರ್ಗಮವಾಗುತ್ತಿದ್ದವು. ಆಗ ಜನರಿಗೆ ಆಸರೆ ಎರಡೇ: ಮನೆಯ ಸಂಗ್ರಹ ಮತ್ತು ಮಳೆಯೇ ಕೊಟ್ಟ ಬೆಳೆ. ಕಣಿಲೆ, ಅಣಬೆ, ಕೆಸದ ಸೊಪ್ಪು, ಉಪ್ಪುನೀರಿನಲ್ಲಿಟ್ಟ ಕಾಡುಮಾವು ಇವೇ ಅಕ್ಕಿರೊಟ್ಟಿಗೂ ಕಡಂಬುಟ್ಟಿಗೂ ಜೊತೆಯಾದವು. ಇವುಗಳಲ್ಲಿ ಕೆಲವು ಅವಸರಕ್ಕೆ ಒಗ್ಗುವುವಲ್ಲ. ಕಣಿಲೆಯಲ್ಲಿ ಸಹಜವಾಗಿಯೇ ವಿಷಾಂಶವಿರುವುದರಿಂದ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ನೀರು ಬದಲಿಸಿ, ಬೇಯಿಸಿಯೇ ಉಣ್ಣಬೇಕು. ಕೆಸದ ತುರಿಕೆಯನ್ನು ನೀಗಲು ಹುಳಿ ಬೇಕು. ಆ ಹುಳಿಗಾಗಿ ಹಣ್ಣನ್ನು ರಾಶಿಹಾಕಿ, ಸೋರಿದ ರಸವನ್ನು ಕಪ್ಪಗಾಗುವವರೆಗೆ ಕಾಯಿಸಿದರೆ ವರ್ಷಗಟ್ಟಲೆ ಕೆಡದ ಕಾಚಂಪುಳಿ ಸಿದ್ಧವಾಗುತ್ತದೆ. ನಿಧಾನವೇ ಪ್ರಧಾನವೆಂಬ ನಾಣ್ಣುಡಿ ಇಲ್ಲಿ ದೇಹರಕ್ಷಣೆಯ ನಿಯಮವೇ ಆಗಿದೆ.

ಕಕ್ಕಡ ಮಾಸದ ಹದಿನೆಂಟನೆಯ ದಿನ, ಎಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದುಸೊಪ್ಪಿನ ಕೆನ್ನೀಲಿ ರಸದಲ್ಲಿ ಪಾಯಸ ಮಾಡುವರು. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗುಣ ನೆಲೆಸಿರುವುದೆಂಬುದು ನಾಡಿನ ನಂಬಿಕೆ. ಗದ್ದೆಯ ಕೆಸರಿನಲ್ಲಿ ದುಡಿದು ದಣಿದ ಮೈಗೆ ಋತುವೇ ವೈದ್ಯನಾದಂತೆ. ಮುಂದೆ ಹುತ್ತರಿಯಲ್ಲಿ ಕದಿರು ತೆಗೆದು ಮನೆತುಂಬಿಸಿಕೊಂಡ ಬಳಿಕವೇ ಹೊಸ ಅಕ್ಕಿಯ ಊಟ.

1854ರಲ್ಲಿ ಮಡಿಕೇರಿಯ ಬಳಿ ಯೂರೋಪಿಯನ್ನರ ಮೊದಲ ಕಾಫಿತೋಟ ಎದ್ದ ಮೇಲೆ ನಾಡಿನ ಗಮನ ಕ್ರಮೇಣ ತೋಟದತ್ತ ಹರಿಯಿತು. ಇಂದು ಆಳುಗಳ ಅಭಾವದಿಂದಲೂ ಆದಾಯ ಸಾಲದೆಯೂ ಅನೇಕ ಗದ್ದೆಗಳು ಪಾಳುಬಿದ್ದಿವೆ. ಉಣ್ಣುವ ವಸ್ತುಗಳು ಲಾರಿಯಲ್ಲಿ ಬರುತ್ತವೆ. 2018ರ ಜೂನ್ ತಿಂಗಳಿನಲ್ಲಿ ಭೂಕುಸಿತದಿಂದ ಮಾಕುಟ್ಟದ ರಸ್ತೆ ಮುಚ್ಚಿದಾಗ, ಹಾದಿಯನ್ನೇ ನಂಬಿದ ಬಾಳಿನ ದೌರ್ಬಲ್ಯ ತಾನಾಗಿ ಪ್ರಕಟವಾಯಿತು. ಹಾದಿ ಕಡಿದರೂ ಬದುಕು ಕಡಿಯದಂತೆ ಹಿರಿಯರು ಮಾಡಿಕೊಂಡಿದ್ದ ಏರ್ಪಾಡು ಹಿಂದೆಯೇ ಸಡಿಲಗೊಂಡಿತ್ತು.

ಲಭಿಸಿದುದನ್ನು ಅರ್ಪಿಸಿ, ಹಂಚಿ, ಒಂದಗುಳೂ ವ್ಯರ್ಥವಾಗದಂತೆ ಸ್ವೀಕರಿಸುವುದು ಪ್ರಸಾದಧರ್ಮ. ಋತುವನ್ನರಿತು, ತಾಳ್ಮೆಯಿಂದ ಹದಗೊಳಿಸಿ, ಬೇಕಾದಷ್ಟನ್ನೇ ಕಾಡಿನಿಂದ ಪಡೆದ ಈ ಅಡುಗೆಯೂ ಅದೇ ಸಂಯಮದ ಒಂದು ಮುಖ. ಗದ್ದೆಯೂ ಕಾಡೂ ಉಳಿದರೆ ಮಾತ್ರ ಅದು ಮುಂದಿನವರಿಗೂ ಸಲ್ಲುವುದು.