ಮಣ್ಣೆತ್ತು

ಜ್ಯೇಷ್ಠ ಮಾಸದ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಗಳಲ್ಲಿ ಹಸಿಮಣ್ಣಿನಿಂದ ಮಾಡಿ ಪೂಜಿಸುವ ಜೋಡೆತ್ತಿಗೆ ಮಣ್ಣೆತ್ತು ಎಂದು ಹೆಸರು. ಆ ದಿನ ಮಣ್ಣೆತ್ತಿನ ಅಮಾವಾಸ್ಯೆ, ಜನರ ಬಾಯಲ್ಲಿ ಮಣ್ಣೆತ್ತಿನ ಅಮಾಸಿ. ಹದಿನೈದು ದಿನ ಮುಂಚೆ ಬರುವ ಕಾರಹುಣ್ಣಿಮೆ ಜೀವಂತ ಎತ್ತಿನ ಹಬ್ಬ. ಅಂದು ಎತ್ತಿನ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕರಿ ಹರಿಯುತ್ತಾರೆ, ಅಂದರೆ ಅಡ್ಡ ಕಟ್ಟಿದ ತೋರಣವನ್ನು ಎತ್ತುಗಳಿಂದ ಹರಿಸುತ್ತಾರೆ. ಬಳ್ಳಾರಿ ಸೀಮೆಯ ತೆಲುಗು ಮನೆಗಳಲ್ಲಿ ಇದೇ ಹುಣ್ಣಿಮೆ ಏರುವಾಕ. ಕಾರಹುಣ್ಣಿಮೆ ದೊಡ್ಡವರದು, ಅಮಾಸಿ ಮಕ್ಕಳದು. ತೋರಣಗಲ್ಲನ್ನು ನಡುವಿಟ್ಟುಕೊಂಡು ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳವರೆಗೆ ಹಬ್ಬಿದ ಈ ಸೀಮೆಯಲ್ಲಿ ಮಕ್ಕಳ ಕೈಯಿಂದ ರೂಪ ಪಡೆಯುವ ಹಬ್ಬದ ಗೊಂಬೆಗಳು ಹಲವು. ಅವುಗಳಲ್ಲಿ ಮೊದಲ ಸ್ಥಾನ ಮಣ್ಣೆತ್ತಿನದು.

ಮುಂಗಾರಿನಿಂದ ಭಾದ್ರಪದದವರೆಗೆ ಐದು ಸಲ ಮಣ್ಣನ್ನು ಪೂಜಿಸಬೇಕೆಂಬ ಲೆಕ್ಕ ಉತ್ತರ ಕರ್ನಾಟಕದಲ್ಲಿದೆ: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ. ಆಷಾಢದ ಮಂಗಳವಾರಗಳಂದು ಹೆಣ್ಣುಮಕ್ಕಳು ಮಾಡುವ ಗುಳ್ಳವ್ವ ಧಾರವಾಡ, ಗದಗಿನ ಕಡೆ ಹೆಚ್ಚು ಕಾಣುತ್ತಾಳೆ. ಐದರಲ್ಲಿ ಮಗು ಪೂರ್ತಿ ತಾನೇ ಮಾಡಬಹುದಾದದ್ದು, ಮಾಡಿದ್ದು ವಂಕಾದರೂ ಯಾರೂ ಬೈಯದಿರುವುದು ಮಣ್ಣೆತ್ತು ಒಂದೇ. ಗಣಪನ ಸೊಂಡಿಲು ಕೆಟ್ಟರೆ ಮನೆಯವರು ಅಪಶಕುನವೆನ್ನುತ್ತಾರೆ. ಎತ್ತಿನ ಕೋಡು ಕೆಟ್ಟರೆ ನಗುತ್ತಾರೆ.

ಮಾಡುವ ಬಗೆ

ತೋರಣಗಲ್ಲು ಎರಡು ಮಣ್ಣು ಕೂಡುವ ಜಾಗ. ಪಡುವಣಕ್ಕೆ ಸಂಡೂರಿನ ಗುಡ್ಡಸಾಲಿನ ಕೆಂಪು, ಮೂಡಣಕ್ಕೆ ಬಳ್ಳಾರಿ, ಕುರುಗೋಡಿನ ಕಡೆಗೆ ಹೋದಂತೆ ಎರೆ. ಎತ್ತಿಗೆ ಬೇಕಾದದ್ದು ಎರೆಮಣ್ಣು, ಇಲ್ಲವೇ ಹುತ್ತದ ಮಣ್ಣು. ಎರೆಯಲ್ಲಿ ಒಂದು ತೊಂದರೆಯಿದೆ: ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕಾಲು ಸಿಕ್ಕುವಷ್ಟು ಬಿರುಕು ಬಿಡುವ ಮಣ್ಣೇ ಎತ್ತಿನ ಹೊಟ್ಟೆಯಲ್ಲೂ ಬಿರುಕು ಬಿಡುತ್ತದೆ. ಅದಕ್ಕೇ ಹಿರಿಯರು ಒಂದು ಹಿಡಿ ಅರಳೆಯನ್ನು ಬಿಡಿಸಿ ಮಣ್ಣಿಗೆ ಕಲಸಿ, ಒರಳಲ್ಲೋ ಕಲ್ಲಿನ ಮೇಲೋ ಕುಟ್ಟುತ್ತಾರೆ. ಅರಳೆಯ ಎಳೆ ಮಣ್ಣನ್ನು ಒಳಗಿನಿಂದ ಹಿಡಿದುಕೊಳ್ಳುತ್ತದೆ. ಕುಟ್ಟಿದ ಮಣ್ಣು ಹದಕ್ಕೆ ಬಂತೋ ಇಲ್ಲವೋ ನೋಡಲು ಹೆಬ್ಬೆರಳಿಂದ ಒತ್ತಿದರೆ ಸಾಕು: ಬೆರಳ ಗೆರೆ ಮೂಡಬೇಕು, ಬೆರಳಿಗೆ ಅಂಟಬಾರದು.

ಮೊದಲು ಉದ್ದನೆಯ ಒಂದು ಮುದ್ದೆ. ಅದನ್ನು ಅಂಗೈಯಲ್ಲಿ ಉರುಳಿಸಿ ಮೈ ಮಾಡಿ, ಹೆಗಲ ಮೇಲಿನ ಡುಬ್ಬವನ್ನು ಎರಡು ಬೆರಳಿಂದ ಚಿವುಟಿ ಎತ್ತಬೇಕು. ಮಕ್ಕಳು ಸಾಮಾನ್ಯವಾಗಿ ಡುಬ್ಬವನ್ನು ಆಮೇಲೆ ಅಂಟಿಸಲು ಹೋಗುತ್ತಾರೆ. ಒಣಗಿದಾಗ ಅದು ಕಳಚಿ ಬೀಳುತ್ತದೆ. ಗಂಗೆದೊಗಲು, ಅಂದರೆ ಕೊರಳಡಿ ಜೋಲುವ ತೊಗಲು, ಬಂದರೆ ಎತ್ತು ಬಂತು ಎಂದೇ ಅರ್ಥ. ಕಾಲುಗಳೊಳಗೆ ಜೋಳದ ದಂಟಿನ ಕಡ್ಡಿ. ಕಣ್ಣಿಗೆ ಗುಲಗಂಜಿ, ಸಿಗದಿದ್ದರೆ ಜೋಳದ ಕಾಳು. ಮೈಮೇಲಿನ ಜೂಲಿಗೆ ಕುಸುಬಿಯ ಕಾಳನ್ನು ಸಾಲಾಗಿ ಒತ್ತುತ್ತಾರೆ. ಸುಣ್ಣ, ಅರಿಶಿನ, ಕೆಮ್ಮಣ್ಣು ಮೂರೇ ಬಣ್ಣ. ಎತ್ತಿನ ಮುಂದೆ ಮಣ್ಣಿನದೇ ಒಂದು ಗ್ವಾದಲಿ, ಅಂದರೆ ಮೇವಿನ ತೊಟ್ಟಿ. ಮೇವಿಲ್ಲದ ಎತ್ತನ್ನು ಪೂಜಿಸುವುದು ಹೇಗೆ? ಆಮೇಲೆ ಮನೆಯ ಜಗಲಿಯ ಮೇಲಿಟ್ಟು ಹೋಳಿಗೆ, ಕಡುಬಿನ ಎಡೆ. ಅದನ್ನು ಎತ್ತು ಎನ್ನುವುದಕ್ಕಿಂತ ಬಸವಣ್ಣ ಎನ್ನುವುದೇ ಹೆಚ್ಚು.

ಮಗು ಮಾಡುವುದು ಎತ್ತು ಎಂಬ ಸಾಮಾನ್ಯ ಪ್ರಾಣಿಯನ್ನಲ್ಲ, ತನ್ನ ಮನೆಯ ಕೊಟ್ಟಿಗೆಯಲ್ಲಿ ಕಟ್ಟಿರುವ ಎತ್ತನ್ನು. ಮನೆಯಲ್ಲಿ ಕಿಲಾರಿ ಇದ್ದರೆ ಕೋಡು ಹಿಂದಕ್ಕೆ ಬಾಗಿ ಮೇಲೇಳುತ್ತದೆ. ಬಲಗಡೆಯದು ಸ್ವಲ್ಪ ಸಣ್ಣದಿದ್ದರೆ ಮಣ್ಣಿನದರಲ್ಲೂ ಸಣ್ಣದೇ.

ಕುಂಟೆತ್ತಿನ ಸವಾರಿ

ಹಬ್ಬದ ಮರುದಿನದ ಆಚರಣೆಯೇ ಬಹುಶಃ ಇಡೀ ಅಮಾಸಿಯ ಸೊಗಸು. ಮಕ್ಕಳು ಮಣ್ಣೆತ್ತಿನ ಒಂದು ಕಾಲು ಮುರಿದು, ಅದನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಎಂಟು ಎತ್ತುಗಳಲ್ಲಿ ಒಂದು ಕುಂಟೆತ್ತು ಬಂದಿದೆ, ಅದಕ್ಕೆ ಜೋಳ ನೀಡಿ ಎಂಬುದು ಅವರ ಬೇಡಿಕೆಯ ತಿರುಳು. ಅದನ್ನು ಹಾಡುವ ಧಾಟಿ ಊರಿಂದೂರಿಗೆ ಬೇರೆ. ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಕಾಣುವ ಪದ್ಧತಿಯಿದು. ಸೇರಿದ ಜೋಳವನ್ನು ಅಂಗಡಿಗೆ ಹಾಕಿ, ಬಂದ ಕಾಸಿನಲ್ಲಿ ಮಂಡಕ್ಕಿಯೋ ಬೆಲ್ಲವೋ ಕೊಂಡು ಊರಾಚೆ ಕೂತು ತಿಂದು, ಎತ್ತನ್ನು ಬಾವಿಗೋ ಹಳ್ಳಕ್ಕೋ ಬಿಟ್ಟು ಬರುತ್ತಾರೆ. ನಾಗಪುರದ ಕಡೆಯ ತಾನ್ಹಾ ಪೋಳಾದಲ್ಲಿಯೂ ಮಕ್ಕಳು ಮನೆಮನೆಗೆ ಹೋಗುವುದುಂಟು. ಅಲ್ಲಿ ಗಾಲಿ ಹಚ್ಚಿದ ಮರದ ಎತ್ತು, ಶ್ರಾವಣದ ಅಮಾವಾಸ್ಯೆಯ ಮರುದಿನ.

ಅಕ್ಟೋಬರ್ 31ರ ಹ್ಯಾಲೋವೀನ್‌ನಲ್ಲಿ ಅಮೆರಿಕದ ಮಕ್ಕಳು ವೇಷ ಹಾಕಿ ಮಿಠಾಯಿ ಬೇಡುವುದನ್ನು ಕಂಡ ಕನ್ನಡದ ಮನೆಗಳಿಗೆ ಇದು ಎಲ್ಲೋ ನೋಡಿದಂತೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಗಡ್ಡೆಯನ್ನು ಕೊರೆದು ದೀಪವಿಡುತ್ತಿದ್ದವರು ಅಮೆರಿಕಕ್ಕೆ ಹೋಗಿ ಕುಂಬಳಕಾಯಿ ಹಿಡಿದರು. ನಮ್ಮಲ್ಲಿಯೂ ಮುಖ ಬರೆಸಿಕೊಳ್ಳುವ ಕುಂಬಳವಿದೆ. ಕಟ್ಟುತ್ತಿರುವ ಮನೆಯ ಮುಂದೆ ದೃಷ್ಟಿಗೆಂದು ತೂಗುವ ಬೂದುಗುಂಬಳ. ಆದರೆ ಅದು ಮಕ್ಕಳ ಆಟಿಕೆಯಲ್ಲ, ಅವರ ಕೈಗೆ ಅದನ್ನು ಕೊಡುವುದೂ ಇಲ್ಲ. ಹೆದರಿಸುವ ಕೆಲಸ ಇಲ್ಲಿ ದೊಡ್ಡವರದು, ಬೇಡುವ ಕೆಲಸ ಮಕ್ಕಳದು. ಅಲ್ಲಿ ಎರಡನ್ನೂ ಮಕ್ಕಳಿಗೇ ವಹಿಸಿದ್ದಾರೆ.

ಪ್ರಾಚೀನತೆ

ಮಣ್ಣೆತ್ತು ಐದು ಸಾವಿರ ವರ್ಷದ್ದು ಎಂದು ಹೇಳಿಬಿಡುವ ಆಸೆ ಈ ಸೀಮೆಯಲ್ಲಿ ಯಾರಿಗಾದರೂ ಆಗುತ್ತದೆ. ತೋರಣಗಲ್ಲಿನಿಂದ ಬಳ್ಳಾರಿಗೆ ಹೋಗುವ ದಾರಿಯಲ್ಲಿ ಸಿಗುವ ಕುಡತಿನಿಯ ಬೂದಿದಿಬ್ಬ ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯದು. ಇಂಥ ದಿಬ್ಬಗಳು ದನದ ದೊಡ್ಡಿಗಳಾಗಿದ್ದವೆಂದು ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1963ರ ತಮ್ಮ ಗ್ರಂಥದಲ್ಲಿ ವಾದಿಸಿದರು. ಜನರ ವಿವರಣೆ ಬೇರೆ: ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬ ಅವರಿಗೆ ವಾಲಿಯನ್ನು ಸುಟ್ಟ ಜಾಗ. ಬಳ್ಳಾರಿ ಹತ್ತಿರದ ಕುಪಗಲ್ಲಿನ ಗುಡ್ಡದಲ್ಲಿ ಕಲ್ಲನ್ನು ಕುಟ್ಟಿ ಮೂಡಿಸಿದ ಉದ್ದಕೋಡಿನ, ಡುಬ್ಬದ ಎತ್ತುಗಳು ಸಾಲುಸಾಲಾಗಿವೆ. ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ಉತ್ಖನನದಲ್ಲಿ ಡುಬ್ಬದ ಗೂಳಿಯ ಸುಟ್ಟಮಣ್ಣಿನ ಗೊಂಬೆಗಳೂ ಸಿಕ್ಕಿವೆ.

ಇಷ್ಟರಿಂದ ಅಖಂಡ ಪರಂಪರೆಯೊಂದನ್ನು ಕಟ್ಟಿಬಿಡುವುದು ಸರಿಯಲ್ಲ. ಪಿಕ್ಲಿಹಾಳದ ಗೊಂಬೆ ಉಳಿದದ್ದು ಅದನ್ನು ಸುಟ್ಟಿದ್ದರಿಂದ. ಮಣ್ಣೆತ್ತನ್ನು ಸುಡುವುದಿಲ್ಲ; ನೀರಿಗೆ ಬಿಟ್ಟರೆ ಅರ್ಧ ಗಂಟೆಯಲ್ಲಿ ಅದು ಮತ್ತೆ ಮಣ್ಣು. ಕರಗಿಸಲೆಂದೇ ಮಾಡುವ ವಸ್ತುವಿಗೆ ಪುರಾತತ್ವದಲ್ಲಿ ಜಾಗವಿಲ್ಲ. ಹೀಗಾಗಿ ಅದರ ಚರಿತ್ರೆಯನ್ನು ಅದರ ಸುತ್ತಲಿನ ಮಣ್ಣು, ಮಳೆ, ಎತ್ತು, ಸಂತೆಗಳಿಂದಲೇ ಓದಿಕೊಳ್ಳಬೇಕು.

ವಿಜಯನಗರದ ಕಾಲದಲ್ಲೂ ಕೊರತೆ ಇದೇ, ಬರೆದವರಿದ್ದರೂ. ಸುಮಾರು 1420ರಲ್ಲಿ ಬಂದ ಇಟಲಿಯ ಪ್ರವಾಸಿ ನಿಕೊಲೊ ಕೊಂಟಿ ಗುಡಿಗಳಲ್ಲೂ ಮಾಳಿಗೆಗಳ ಮೇಲೂ ಹಗಲಿರುಳು ಉರಿಯುವ ಎಣ್ಣೆದೀಪಗಳ ಹಬ್ಬವನ್ನು ಕಂಡ. 1443ರಲ್ಲಿ ಪರ್ಷಿಯಾದಿಂದ ಬಂದ ರಾಯಭಾರಿ ಅಬ್ದುಲ್ ರಜಾಕ್ ಮಹಾನವಮಿಗೆ ಕಟ್ಟಿದ ಬಹುಮಹಡಿಯ ಮಂಟಪಗಳನ್ನು ವರ್ಣಿಸುತ್ತ, ಅವುಗಳ ಮೇಲೆ ಮನುಷ್ಯರು, ಪ್ರಾಣಿಪಕ್ಷಿಗಳಷ್ಟೇ ಅಲ್ಲ, ನೊಣ, ಸೊಳ್ಳೆಗಳ ಚಿತ್ರವೂ ಇತ್ತು, ಕೆಲವು ಮಂಟಪಗಳು ತಿರುಗುತ್ತಿದ್ದವು ಎನ್ನುತ್ತಾನೆ. ನೊಣವನ್ನೂ ಬಿಡದೆ ನೋಡಿದವನ ಕಣ್ಣು ಬೀದಿಬದಿ ಮಣ್ಣು ಕಲಸುವ ಮಕ್ಕಳ ಮೇಲೆ ಬೀಳಲಿಲ್ಲ. ಹಂಪಿಯ ವಿರೂಪಾಕ್ಷ ಬಜಾರಿನ ಮೂಡಣ ತುದಿಯಲ್ಲಿ ಕೂತ ಎದುರು ಬಸವಣ್ಣ ಕಲ್ಲಿನವನು. ಕೈಕಾಲು ಸವೆದರೂ ಇದ್ದಾನೆ.

ಬರ, ಗುರ್ಜಿ ಮತ್ತು ಜೋಕುಮಾರ

ಬಳ್ಳಾರಿ ಸೀಮೆ ಮಳೆಯ ನೆರಳಿನ ನಾಡು. 1876ರಿಂದ 1878ರವರೆಗಿನ ಧಾತು ಸಂವತ್ಸರದ ಬರ ಮದ್ರಾಸ್ ಆಧಿಪತ್ಯದಲ್ಲಿ ಅತಿ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ ಇದೂ ಒಂದು. ಇಂಥ ನೆಲದಲ್ಲಿ ಮಕ್ಕಳ ಗೊಂಬೆಗೆ ಮಳೆ ತರುವ ಹೊಣೆಯೂ ಬಿತ್ತು. ಮಳೆ ತಡವಾದರೆ ಹುಡುಗನೊಬ್ಬನ ತಲೆಯ ಮೇಲೆ ರೊಟ್ಟಿ ಹಂಚನ್ನು ಬೋರಲಾಗಿಟ್ಟು, ಅದರ ಮೇಲೆ ಸಗಣಿಯ ಗುರ್ಜಿ ಮಾಡಿ, ಗರಿಕೆ ಸಿಕ್ಕಿಸುತ್ತಾರೆ. ಅವನು ಮನೆಮನೆಯ ಮುಂದೆ ನಿಂತಾಗ ಆ ಮನೆಯಾಕೆ ಗುರ್ಜಿಗೆ ನೀರು ಸುರಿಯುತ್ತಾಳೆ, ಹುಡುಗ ಗರಗರ ತಿರುಗುತ್ತಾನೆ, ಸುತ್ತ ನಿಂತವರಿಗೆಲ್ಲ ನೀರು ಸಿಡಿಯುತ್ತದೆ. ನೀಡಿದ ಹಿಟ್ಟು, ಜೋಳ ಕೂಡಿಸಿ ಊಟ ಮಾಡುತ್ತಾರೆ. ಕುಂಟೆತ್ತಿಗೂ ಗುರ್ಜಿಗೂ ಬೇಡುವ ರೀತಿ ಒಂದೇ. ಗುರ್ಜಿಗೆ ಮಾತ್ರ ತಿಥಿಯಿಲ್ಲ, ಮೋಡ ಬಾರದ ದಿನವೇ ಅದರ ಹಬ್ಬ.

ಜೋಕುಮಾರ ಮಕ್ಕಳ ಕೈಗೆ ಸಿಗುವವನಲ್ಲ. ಗಣಪ ಹೋದ ಮೇಲೆ ಭಾದ್ರಪದದ ಅಷ್ಟಮಿಗೆ ಹುಟ್ಟಿ, ಬೇವಿನ ಸೊಪ್ಪಿನ ಬುಟ್ಟಿಯಲ್ಲಿ ಕೂತು, ಬಾಯಿಗೆ ಬೆಣ್ಣೆ ಮೆತ್ತಿಸಿಕೊಂಡು ಅಂಬಿಗ, ಬಾರಿಕರ ಹೆಂಗಸರ ತಲೆಯ ಮೇಲೆ ಊರೆಲ್ಲ ಸುತ್ತುತ್ತಾನೆ. ಹುಣ್ಣಿಮೆಯ ರಾತ್ರಿ ಅವನ ಸಾವು. ಅಗಸರು ಬಟ್ಟೆ ಒಗೆಯುವ ಹಳ್ಳದಲ್ಲಿ ಅವನನ್ನು ತುಂಡು ಮಾಡುತ್ತಾರೆ. ಆ ರಾತ್ರಿ ಹಳ್ಳದ ಕಡೆ ಯಾರೂ ಹೋಗಬಾರದು, ಅಳು ಕೇಳಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ಮಕ್ಕಳನ್ನು ಅಂದು ಬೇಗ ಮಲಗಿಸುತ್ತಾರೆ. ಚಂದ್ರಶೇಖರ ಕಂಬಾರರ 1972ರ ನಾಟಕ ಈ ಮಣ್ಣಿನ ದೇವರನ್ನು ಪೇಟೆಯ ರಂಗಕ್ಕೆ ಕರೆದೊಯ್ದಿತು.

ದೀಪಾವಳಿಯ ಸಗಣಿ, ತಾಂಡಾದ ದೀಪ

ಬಲಿಪಾಡ್ಯಮಿಯಂದು ಹೊಸ್ತಿಲ ಮುಂದೆ, ಬಾಗಿಲ ಎರಡೂ ಬದಿಗೆ ಸಗಣಿಯ ಪಾಂಡವರು ಕೂರುತ್ತಾರೆ. ಗೋಪುರದಂತೆ ಎತ್ತಿದ ಪುಟ್ಟ ಮುದ್ದೆಗಳ ನೆತ್ತಿಗೆ ಉತ್ತರಾಣಿ ಕಡ್ಡಿ, ಚೆಂಡುಹೂ. ಇದರಲ್ಲಿ ಮಕ್ಕಳದು ಹೂ ತರುವ, ಸಿಕ್ಕಿಸುವ ಕೆಲಸ.

ಸಂಡೂರು ಸೀಮೆಯ ಲಂಬಾಣಿ ತಾಂಡಾಗಳಲ್ಲಿ ದೀಪಾವಳಿಯ ಅಮಾವಾಸ್ಯೆ ಕಾಳಿ ಅಮಾಸ್. ಅಂದು ರಾತ್ರಿ ಮದುವೆಯಾಗದ ಹುಡುಗಿಯರು ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಮೇರಾ ಎಂಬ ಹಾಡು ಹಾಡಿ ಹಾರೈಸುತ್ತಾರೆ. ಮನೆಯವರು ದೀಪದ ತಟ್ಟೆಗೆ ಕಾಸು ಹಾಕುತ್ತಾರೆ. ಅದೇ ಹಬ್ಬದಲ್ಲಿ ಗತಿಸಿದ ಹಿರಿಯರಿಗೆ ಎಡೆಯಿಡುವುದೂ ಇದೆ. ಕತ್ತಲು, ದೀಪ, ಸತ್ತವರ ನೆನಪು, ಬಾಗಿಲಿಂದ ಬಾಗಿಲಿಗೆ ಹೋಗುವ ಮಕ್ಕಳು, ಎಲ್ಲವೂ ಒಂದೇ ಹಬ್ಬದಲ್ಲಿ ಕೂಡುವುದರಿಂದ ಈ ಸೀಮೆಯಲ್ಲಿ ಹ್ಯಾಲೋವೀನಿಗೆ ಹತ್ತಿರದ ನಂಟು ಇದೇ ಎನ್ನಬೇಕು.

ಅಣೆಕಟ್ಟಿನ ನಂತರ

1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣವಾಯಿತು. ಅದೇ ವರ್ಷ ಅಕ್ಟೋಬರ್ 1ರಂದು ಬಳ್ಳಾರಿ ಮದ್ರಾಸಿನಿಂದ ಮೈಸೂರು ರಾಜ್ಯಕ್ಕೆ ಸೇರಿತು. ಕಂಪ್ಲಿ, ಹೊಸಪೇಟೆಯ ಸುತ್ತ ವಿಜಯನಗರ ಕಾಲದ ಕಾಲುವೆಗಳಲ್ಲಿ ಮೊದಲೇ ಭತ್ತ, ಕಬ್ಬು ಇದ್ದವು. ಹೊಸ ನೀರು ಬಂದ ಕಡೆಗಳಲ್ಲಿ ಜೋಳದ ಹೊಲಗಳೂ ಗದ್ದೆಗಳಾದವು. ಜೋಳ ಕಡಿಮೆಯಾದಂತೆ ಮಕ್ಕಳ ಕೈಗೆ ಸಿಗುತ್ತಿದ್ದ ಸಾಮಾನೂ ಕಡಿಮೆಯಾಯಿತು: ದಂಟಿಲ್ಲದೆ ಎತ್ತಿನ ಕಾಲಿಲ್ಲ, ದಂಟಿನ ಬೆಂಡಿನಿಂದ ಮಾಡುವ ಆಟದ ಬಂಡಿಯಿಲ್ಲ. ಹೊಲದ ಬದುವಿನ ಕುಸುಬಿ ಹೋದ ಮೇಲೆ ಜೂಲಿಗೆ ಹೊಳೆಯುವ ಕಾಗದ ಬಂತು.

ಎತ್ತನ್ನು ನಿಜವಾಗಿ ಕೊಟ್ಟಿಗೆಯಿಂದ ಹೊರಗೆ ಹಾಕಿದ್ದು ಟ್ರ್ಯಾಕ್ಟರು, ಮನೆಯವರನ್ನು ಹೊಲದಿಂದ ಎಳೆದದ್ದು ಕಾರ್ಖಾನೆ. ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದ್ದು 1971ರಲ್ಲಿ. ಎರಡು ದಶಕದ ಮೇಲೆ, 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪನಿ ಸ್ಥಾಪನೆಯಾಯಿತು. ಒಕ್ಕಲುತನದ ಮನೆಯ ಗಂಡಸರು ಪಾಳಿಯ ಕೆಲಸಕ್ಕೆ ಹೋದರು, ಕಾಲೋನಿಗಳಿಗೆ ದೂರದ ರಾಜ್ಯಗಳ ಮಕ್ಕಳು ಬಂದರು. ಎತ್ತನ್ನು ಹತ್ತಿರದಿಂದ ನೋಡದ ಮಗು ಮಾಡಿದ ಎತ್ತಿಗೆ ಗಂಗೆದೊಗಲು ಇರುವುದಿಲ್ಲ, ಡುಬ್ಬ ಕೆಲವೊಮ್ಮೆ ಬೆನ್ನಿನ ನಡುವೆ ಬಂದು ಒಂಟೆಯಾಗುತ್ತದೆ.

ಕುಂಬಾರರು ಮೊದಲಿಂದಲೂ ಮಣ್ಣೆತ್ತು ಮಾರುತ್ತಿದ್ದರು, ಕಾಳಿಗೆ ಬದಲಾಗಿ ಕೊಡುತ್ತಲೂ ಇದ್ದರು. ಈಗ ಸಂತೆಗೆ ಬರುವುದರಲ್ಲಿ ಅಚ್ಚಿನಲ್ಲಿ ಎರೆದ, ಎಣ್ಣೆಬಣ್ಣ ಹೊಡೆದ ಪ್ಲಾಸ್ಟರ್ ಆಫ್ ಪ್ಯಾರಿಸ್‌ನವೂ ಸೇರಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಮೇ 12ರ ಮಾರ್ಗಸೂಚಿಯಲ್ಲಿ ಇಂಥ ಮೂರ್ತಿಗಳು ಬೇಡವೆಂದಿತು. ಕಣ್ಣೆಲ್ಲ ಇದ್ದದ್ದು ಗಣಪನ ಮೇಲೆ. ಗೇಣುದ್ದದ ಎತ್ತನ್ನು ಗಮನಿಸಿದವರು ಕಡಿಮೆ.

ಅಚ್ಚಿನಿಂದ ಸಲೀಸಾಗಿ ಬಿಟ್ಟುಕೊಳ್ಳಲೆಂದು ಈ ಎತ್ತುಗಳಲ್ಲಿ ಎಷ್ಟೋ ಕಾಲುಗಳ ನಡುವೆ ಸಂದಿಲ್ಲದೆ, ಅಡಿಯಲ್ಲಿ ಹಲಗೆ ಕೂಡಿಕೊಂಡೇ ಬರುತ್ತವೆ. ಅವುಗಳ ಒಂದು ಕಾಲನ್ನು ಮುರಿಯಲು ಬರುವುದಿಲ್ಲ. ಹೀಗಾಗಿ ಜೋಡೆತ್ತನ್ನು ಸಂತೆಯಿಂದ ತಂದ ಮನೆಯಲ್ಲೂ ಮರುದಿನದ ಕುಂಟೆತ್ತಿಗೆಂದು ಮಕ್ಕಳು ಒಂದು ಮುದ್ದೆ ಹಸಿಮಣ್ಣು ಹುಡುಕಿಕೊಂಡು ಹೋಗಬೇಕಾಗುತ್ತದೆ.