ಬಿಟ್ಟ ಸ್ಥಳ ತುಂಬಿರಿ

ಮಳೆಗಾಲದ ಸಂಜೆ ಯಾರಾದರೂ ಒಳಗೆ ಬಂದರೆ ನಮ್ಮಜ್ಜಿ ಕೂತಲ್ಲಿಂದಲೇ "ಬಾಗಿಲು!" ಎನ್ನುತ್ತಿದ್ದಳು. 'ಹಾಕು' ಎಂದು ಹೇಳಿದವಳಲ್ಲ. ಬಂದವರು ಹಾಕಿಯೇ ಬರುತ್ತಿದ್ದರು. ಸಾವಿರ ವರ್ಷಕ್ಕೂ ಹಿಂದೆ, ವೇದವಾಕ್ಯಗಳ ಅರ್ಥ ಬಿಡಿಸುತ್ತಿದ್ದ ಮೀಮಾಂಸಕರು ಎತ್ತಿಕೊಂಡ ಉದಾಹರಣೆಯೂ ಇದೇ ಬಾಗಿಲು. ಬಿಟ್ಟುಹೋದದ್ದನ್ನು ತುಂಬಿಕೊಳ್ಳುವುದಕ್ಕೆ ಅವರಿಟ್ಟ ಹೆಸರು ಅಧ್ಯಾಹಾರ. ಕೇಳುಗ ತುಂಬಿಕೊಳ್ಳುವುದು 'ಮುಚ್ಚು' ಎಂಬ ಶಬ್ದವನ್ನೇ ಎಂದರು ಕುಮಾರಿಲಭಟ್ಟನ ಕಡೆಯವರು. ಶಬ್ದ ಯಾಕೆ, ಅರ್ಥ ಬಂದರೆ ಸಾಕಲ್ಲ ಎಂದರು ಪ್ರಭಾಕರನ ಕಡೆಯವರು. ಪಂಡಿತರ ಪುರುಸೊತ್ತಿನ ಜಗಳ ಅನ್ನಿಸಬಹುದು. ಯುರೋಪು, ಅಮೆರಿಕದ ವಿಜ್ಞಾನಿಗಳು ಮುನ್ನೂರು ವರ್ಷ ಸುತ್ತಿ ಬಂದು ನಿಂತದ್ದು ಹೆಚ್ಚುಕಡಿಮೆ ಇದೇ ಜಗಳದೆದುರು.

ಅಲ್ಲಿ ಶುರುವಾದದ್ದು ಕಣ್ಣಿನಿಂದ. 1660ರ ದಶಕದಲ್ಲಿ ಫ್ರಾನ್ಸಿನ ಎದ್ಮೆ ಮಾರಿಯೊತ್ ಕುರುಡು ಚುಕ್ಕೆಯನ್ನು ಕಂಡುಹಿಡಿದ. ಗೆರೆ ಹಾಳೆಯ ಒಂದು ಗೆರೆಯ ಮೇಲೆ ಎಡಕ್ಕೊಂದು ಕೂಡಿಸುವ ಚಿಹ್ನೆ, ಅಲ್ಲಿಂದ 8 ಸೆಂ.ಮೀ. ಬಲಕ್ಕೊಂದು ಕಪ್ಪು ಬೊಟ್ಟು ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಚಿಹ್ನೆಯಲ್ಲೇ ನೆಟ್ಟು, ಹಾಳೆಯನ್ನು ಮೆಲ್ಲಗೆ ಹತ್ತಿರ ತನ್ನಿ. ಮುಖದಿಂದ ಗೇಣಿಗಿಂತ ತುಸು ದೂರದಲ್ಲಿ ಬೊಟ್ಟು ಮಾಯ! ಅದಿದ್ದಲ್ಲಿ ತೂತೇನೂ ಕಾಣದು. ಹಾಳೆಯ ಗೆರೆ ತನ್ನ ಪಾಡಿಗೆ ಸಾಗಿರುತ್ತದೆ. ದೃಷ್ಟಿನರ ಕಣ್ಣಿಂದ ಹೊರಬೀಳುವ ಆ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಪಾಪ, ಮಾರಿಯೊತ್ ಇದನ್ನು ಕಂಡು, ನೋಟದ ನೆಲೆ ಅಕ್ಷಿಪಟವೇ ಅಲ್ಲ ಎಂದುಬಿಟ್ಟ.

ನೋಟವೆಂದರೆ ಅರಿವಿಗೆ ಬಾರದಂತೆ ನಡೆಯುವ ಊಹೆ ಎಂದು 1860ರ ದಶಕದಲ್ಲಿ ಹೇಳಿದವರು ಜರ್ಮನಿಯ ಹೆಲ್ಮ್‌ಹೋಲ್ಟ್ಸ್. ನೆನಪೂ ಹಾಗೆಯೇ ಎಂದು 1932ರಲ್ಲಿ ಕೇಂಬ್ರಿಜ್‌ನ ಬಾರ್ಟ್ಲೆಟ್ ತೋರಿಸಿದರು. ಉತ್ತರ ಅಮೆರಿಕದ ಮೂಲನಿವಾಸಿಗಳ ಕತೆಯೊಂದನ್ನು ಓದಿಸಿ ನೆನಪಿನಿಂದ ಬರೆಸಿದರೆ, ಇಂಗ್ಲಿಷರ ಕೈಯಲ್ಲಿ ಸೀಲ್ ಬೇಟೆ ಮೀನು ಹಿಡಿಯುವ ಕೆಲಸವಾಗಿತ್ತು. 1955ರಲ್ಲಿ ಇಟಲಿಯ ಕನಿಜ್ಜಾ ಬರೆಯದ ತ್ರಿಕೋನವೊಂದನ್ನು ಎಲ್ಲರಿಗೂ ಕಾಣಿಸಿದರು.

ನನಗೆ ಹೆಚ್ಚು ಹಿಡಿಸಿದ್ದು 1970ರಲ್ಲಿ ಅಮೆರಿಕದ ರಿಚರ್ಡ್ ವಾರನ್ ಪ್ರಕಟಿಸಿದ ಕೆಮ್ಮಿನ ಪ್ರಯೋಗ. ಧ್ವನಿಮುದ್ರಿತ ವಾಕ್ಯದ ಒಂದು ಪದದಿಂದ 'ಸ್' ಧ್ವನಿಯನ್ನು ಕತ್ತರಿಸಿ, ಅಲ್ಲಿಗೊಂದು ಕೆಮ್ಮು ಸೇರಿಸಿದರು. ಕೇಳಿದವರಿಗೆ ಪದ ಇಡಿಯಾಗಿಯೇ ಕೇಳಿಸಿತು. ಕೆಮ್ಮು ಬಂದದ್ದೆಲ್ಲಿ ಎಂಬುದೇ ಸರಿಯಾಗಿ ಗೊತ್ತಾಗಲಿಲ್ಲ. ಕೆಮ್ಮಿನ ಬದಲು ಬರಿಯ ಮೌನ ಬಿಟ್ಟಾಗ ಮಾತ್ರ ಖಾಲಿ ಜಾಗ ಸಿಕ್ಕಿಬಿದ್ದಿತು.

ಹಾಗಾದರೆ ಮಿದುಳು ಅಲ್ಲಿ ನಿಜಕ್ಕೂ ಏನನ್ನಾದರೂ ಹಾಕುತ್ತದೆಯೇ? ಹಾಕಬೇಕಾಗಿಯೇ ಇಲ್ಲ, ಖಾಲಿ ಇದೆಯೆಂದು ಗಮನಿಸದಿದ್ದರೆ ಸಾಕು ಎಂದು 1991ರಲ್ಲಿ ವಾದಿಸಿದರು ತತ್ತ್ವಜ್ಞ ಡೇನಿಯಲ್ ಡೆನೆಟ್, ಪ್ರಭಾಕರನ ಶಿಷ್ಯರಂತೆ. ಅದೇ ವರ್ಷ ವಿ.ಎಸ್. ರಾಮಚಂದ್ರನ್, ರಿಚರ್ಡ್ ಗ್ರೆಗರಿ ಎದುರು ಸಾಕ್ಷಿ ತಂದರು: ಮಿನುಗುವ ಹಿನ್ನೆಲೆಯಲ್ಲಿ ಒಂದು ಖಾಲಿ ಚೌಕ ಇಟ್ಟು ಬೇರೆಡೆ ಕಣ್ಣು ನೆಟ್ಟರೆ, ಕೆಲವೇ ಸೆಕೆಂಡುಗಳಲ್ಲಿ ಚೌಕದೊಳಗೂ ಮಿನುಗು ತುಂಬಿಕೊಳ್ಳುತ್ತದೆ. ಇಲ್ಲದ ಅಂಚಿಗೂ ಮಿಡಿಯುವ ನರಕೋಶಗಳು ಮಂಗನ ಮಿದುಳಿನಲ್ಲಿ 1984ರಲ್ಲೇ ಸಿಕ್ಕಿದ್ದವು. ನನ್ನ ಒಲವು ಕುಮಾರಿಲನ ಕಡೆಗೇ.

1999ರಲ್ಲಿ ರಾಜೇಶ್ ರಾವ್, ಡಾನಾ ಬಲ್ಲಾರ್ಡ್ ಇನ್ನೊಂದು ಲೆಕ್ಕ ಮುಂದಿಟ್ಟರು. ಮಿದುಳಿನ ಮೇಲಿನ ಸ್ತರಗಳು ಊಹೆಯನ್ನು ಕೆಳಕ್ಕೆ ಕಳಿಸುತ್ತವೆ. ಕೆಳಗಿನಿಂದ ಮೇಲಕ್ಕೆ ಹೋಗುವುದು ಊಹೆ ತಪ್ಪಿದೆ ಎಂಬ ದೂರು ಮಾತ್ರ. ಕುರುಡು ಚುಕ್ಕೆಯಿಂದ ದೂರು ಬರುವುದಿಲ್ಲ. ಕೊಡುವ ಕೋಶಗಳೇ ಅಲ್ಲಿಲ್ಲವಲ್ಲ.