'ಬಯ್ಯಿನ': ಒಂದು ಗಿಟಾರ್ ರೆಕಾರ್ಡಿನ ಕಥೆ

ಕುರ್‌ಆನಿನ 98ನೆಯ ಅಧ್ಯಾಯ 'ಅಲ್ ಬಯ್ಯಿನ'. ಎಂಟೇ ವಚನಗಳ ಈ ಪುಟ್ಟ ಅಧ್ಯಾಯದ ಹೆಸರು 1968ರಲ್ಲಿ ಅಮೆರಿಕದ ಜಾಝ್ ರೆಕಾರ್ಡೊಂದರ ಮೇಲೆ ಅಚ್ಚಾಯಿತೆಂದರೆ ನಮ್ಮಲ್ಲಿ ಹಲವರಿಗೆ ಅಚ್ಚರಿಯಾದೀತು. 'ಬಯ್ಯಿನ' ಅಂದರೆ ಸುಸ್ಪಷ್ಟ ಪುರಾವೆ. ನುಡಿಸಿದವರು ಫಿಲಡೆಲ್ಫಿಯಾದ ಪ್ಯಾಟ್ ಮಾರ್ಟಿನೋ. ಇಟಾಲಿಯನ್ ಮೂಲದ ಕುಟುಂಬದ ಹುಡುಗ, ಮುಸ್ಲಿಮರಲ್ಲ. ಆಗ ಅವರಿಗೆ 23 ವರ್ಷ. ಪ್ರೆಸ್ಟೀಜ್ ಕಂಪೆನಿಗೆ ಇದು ಅವರ ನಾಲ್ಕನೆಯ ರೆಕಾರ್ಡು.

ಕುರ್‌ಆನಿನ ಮಾಂತ್ರಿಕ ರಹಸ್ಯಗಳ ನಡುವೆ ಒಂದು ಸೈಕಡೆಲಿಕ್ ಪಯಣ ಎಂಬ ಅರ್ಥದ ಉಪಶೀರ್ಷಿಕೆ ಕವರಿನ ಮೇಲಿದೆ. ಓದಿದರೆ ನಮಗೆ ಕಸಿವಿಸಿಯಾಗುತ್ತದೆ. 'ಸೈಕಡೆಲಿಕ್' ಎಂಬುದು ಎಲ್‌ಎಸ್‌ಡಿಯಂಥ ಅಮಲಿನ ಜೊತೆ ಬಂದ ಪದ. ಅಮಲನ್ನೇ ನಿಷೇಧಿಸಿದ ಗ್ರಂಥಕ್ಕೆ ಇದೆಂಥ ಪರಿಚಯ! ಹಿಂದಿನ ವರ್ಷವಷ್ಟೇ ಬೀಟಲ್ಸ್ ತಂಡದ 'ಮ್ಯಾಜಿಕಲ್ ಮಿಸ್ಟರಿ ಟೂರ್' ಬಂದಿತ್ತು. ಅದರ ಸದ್ದು ಈ ಸಾಲಿನಲ್ಲಿ ಸ್ಪಷ್ಟ. ಪೂರ್ವದ ಯಾವುದಾದರೂ ಸರಿ, ಮಾರಾಟಕ್ಕೆ ಬರುತ್ತಿದ್ದ ಕಾಲ ಅದು.

ರೆಕಾರ್ಡಿನಲ್ಲಿರುವುದು ನಾಲ್ಕೇ ರಚನೆಗಳು. ಒಂದರ ಹೆಸರಿನಲ್ಲಿ ಪ್ರೇಮವನ್ನೇ ದೇವರನ್ನಾಗಿಸಿದ್ದಾರೆ. ಏಕದೇವಾರಾಧನೆಯನ್ನು ಒತ್ತಿ ಹೇಳುವ ಅಧ್ಯಾಯದ ಪಕ್ಕದಲ್ಲಿ ಇದು! ಇನ್ನೊಂದು 'ಇಸ್ರಾಫೆಲ್'. ಅಂತ್ಯದಿನದಂದು ಕಹಳೆ ಊದುವ ಮಲಕ್ ಇಸ್ರಾಫೀಲರ ಹೆಸರು ಕುರ್‌ಆನಿನಲ್ಲೇ ಇಲ್ಲ, ನಮಗೆ ಬಂದದ್ದು ಪರಂಪರೆಯ ಮೂಲಕ. ಆದರೆ ಇದೇ ಕಾಗುಣಿತದ ಹೆಸರಿನಲ್ಲಿ 1831ರಲ್ಲಿ ಕವನ ಪ್ರಕಟಿಸಿದ ಎಡ್ಗರ್ ಆಲನ್ ಪೋ, ಇಲ್ಲದ ವಾಕ್ಯವೊಂದನ್ನು ಕುರ್‌ಆನಿನದೆಂದು ಅದರ ತಲೆಗೆ ಅಂಟಿಸಿದ್ದರು. ಓದದೆ ಉದ್ಧರಿಸುವ ಚಾಳಿ ಹಳೆಯದು, ನಮ್ಮವರಲ್ಲೂ ಕಡಿಮೆಯೇನಿಲ್ಲ.

ಹಾಗೆಂದು ರೆಕಾರ್ಡನ್ನು ಕವರಿನ ಜೊತೆ ಎಸೆದುಬಿಡಬೇಕೆ? ಸಂಗೀತದ ಹಲಾಲ್-ಹರಾಮ್ ಚರ್ಚೆ ಇಲ್ಲಿ ಬೇಡ. ಜಾಝ್ ಲೋಕಕ್ಕೆ ಇಸ್ಲಾಂ ದೂರದ ಮಾಯಾಲೋಕವಾಗಿರಲಿಲ್ಲ ಎಂಬುದನ್ನು ಮಾತ್ರ ನೆನೆಯೋಣ. ಡ್ರಮ್ ವಾದಕ ಆರ್ಟ್ ಬ್ಲೇಕಿ ಅಬ್ದುಲ್ಲಾ ಇಬ್ನ್ ಬುಹೈನಾ ಆಗಿದ್ದರು. ಯೂಸುಫ್ ಲತೀಫ್ ಅಹ್ಮದಿಯಾ ಪಂಥದ ಮೂಲಕ ಬಂದವರು. ಮಾರ್ಟಿನೋ ಅವರ ಊರಿನವರೇ ಆದ ಪಿಯಾನೋ ವಾದಕ ಮೆಕಾಯ್ ಟೈನರ್ ಸುಲೈಮಾನ್ ಸಊದ್ ಎಂಬ ಹೆಸರು ತಳೆದಿದ್ದರು. ಮುಸ್ಲಿಂ ಹೆಸರಿಟ್ಟುಕೊಂಡ ಕೆಲವು ಕರಿಯ ವಾದಕರಿಗೆ, ಬಿಳಿಯರಿಗಷ್ಟೇ ಪ್ರವೇಶವಿದ್ದ ಬಾಗಿಲುಗಳೂ ತೆರೆದುದನ್ನು ಡಿಝಿ ಗಿಲೆಸ್ಪಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹೆಸರೊಂದು ಘನತೆಯ ಪ್ರಶ್ನೆಯೂ ಆಗಿದ್ದ ಕಾಲದಲ್ಲಿ ಈ ರೆಕಾರ್ಡು ಬಂತು.

ಕೇಳಿದರೆ ಅಮಲಿಲ್ಲ, ಶಿಸ್ತಿದೆ. ಕೆಳಗೆ ತಂಬೂರಿಯ ಶ್ರುತಿ, ಜೊತೆಗೆ ತಬಲಾ, ರಿಚರ್ಡ್ ಡೇವಿಸರ ಬಾಸ್, ಗ್ರೆಗರಿ ಹರ್ಬರ್ಟರ ಕೊಳಲು. ಕುರ್‌ಆನಿನ ಹೆಸರಿಗೆ ತಂಬೂರಿ ಏಕೆಂದು ಅರಬರು ಕೇಳಬಹುದು; ಅಬ್ದುಲ್ ಕರೀಂ ಖಾನರ ದನಿ ಕೇಳಿದ ನಾವು ಕೇಳಲಾರೆವು. ಮಾರ್ಟಿನೋ ಅವರ ಗಿಟಾರ್ ಅವಸರದಲ್ಲೂ ಒಂದು ಸ್ವರವನ್ನೂ ನುಂಗುವುದಿಲ್ಲ. ಕವರಿನ ಸಾಲಿಗಿಂತ ಹೆಚ್ಚಿನ ಅದಬು ಈ ಬೆರಳುಗಳಲ್ಲಿದೆ ಎಂಬುದು ನಮ್ಮ ಅನಿಸಿಕೆ.

1980ರಲ್ಲಿ ಮೆದುಳಿನ ರಕ್ತನಾಳದ ತೊಂದರೆಗೆ ಶಸ್ತ್ರಚಿಕಿತ್ಸೆಯಾಯಿತು. ಎಚ್ಚರಗೊಂಡಾಗ ಹೆತ್ತವರ ಗುರುತೂ ಇರಲಿಲ್ಲ, ಗಿಟಾರೂ ಮರೆತಿತ್ತು. ತಂದೆ ಮನೆಯಲ್ಲಿ ಮಗನ ಹಳೆಯ ರೆಕಾರ್ಡುಗಳನ್ನು ಹಾಕುತ್ತಿದ್ದರು. ಯಾರೋ ಅಪರಿಚಿತನ ವಾದನದಂತೆ ಅವನ್ನು ಕೇಳಿ ಕೇಳಿ ಮಾರ್ಟಿನೋ ಮತ್ತೆ ಗಿಟಾರ್ ಕಲಿತರು. 1987ರಲ್ಲಿ ನ್ಯೂಯಾರ್ಕಿನಲ್ಲಿ ಶ್ರೋತೃಗಳೆದುರು ನುಡಿಸಿದ ರೆಕಾರ್ಡಿಗೆ 'ದಿ ರಿಟರ್ನ್' ಎಂದು ಹೆಸರಿಟ್ಟರು. 2021ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲೇ ತೀರಿಕೊಂಡರು.